ಊರ ಬೀದೀಲಿ ಸಿಐಡಿ 999

ಮದ್ದೂರಿಂದ ಮಳವಳ್ಳಿಗೆ ಹೋಗೋ ದಾರೀಲಿ ನಮ್ಮೂರು. ಎಂಬತ್ತರ ದಶಕದ ಕೊನೇಲಿ ಹಬ್ಬದ ಮಾರನೇ ದಿನ ಮಂಡ್ಯದಿಂದ ಕಲರ್ ಟಿವಿ, ವಿಸಿಪಿ, ಮೂರು ಕ್ಯಾಸೆಟ್ ಬಾಡಿಗೆಗೆ ತರ್ತಿದ್ರು. ಮನೆಗಿಷ್ಟು ಅಂತ ಚಂದಾ. ಹಾಗೆ ಒಂದು ರಾತ್ರಿ ಬೀದೀಲಿ ಚಾಪೆ ಹಾಸ್ಕೊಂಡು ‘ಜೇಡರ ಬಲೆ’ ನೋಡಿದೆ.

ಅಲ್ಲೀವರೆಗೆ ನನಗೆ ಅಣ್ಣಾವ್ರು ಅಂದ್ರೆ ಕಣ್ಣಪ್ಪ, ಕಬೀರ, ಮಯೂರ. 1929ರಲ್ಲಿ ಹುಟ್ಟಿದ ಗಾಜನೂರಿನ ಮುತ್ತುರಾಜ ಶಾಲೆ ಬಿಟ್ಟು ಅಪ್ಪನ ಜೊತೆ ನಾಟಕ ಕಂಪನಿ ಸೇರಿದವರು. 1954ರ ‘ಬೇಡರ ಕಣ್ಣಪ್ಪ’ ಅವರನ್ನು ರಾಜಕುಮಾರ್ ಮಾಡಿತು. ಪುರಾಣ, ಭಕ್ತಿಯ ಪಾತ್ರಗಳಿಂದ ಮನೆಮಾತಾದ ಆ ಮನುಷ್ಯ 1968ರಲ್ಲಿ ಕೋಟು ತೊಟ್ಟು, ಪಿಸ್ತೂಲು ಹಿಡಿದು, ಅಗ್ಗದ ಲೋಹವನ್ನು ಚಿನ್ನ ಮಾಡೋ ವಿಜ್ಞಾನಿಯ ಸೂತ್ರದ ಬೆನ್ನು ಹತ್ತಿದ್ರು. ದೊರೈ–ಭಗವಾನ್ ಜೋಡಿ ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’ ತಂತು. ಸರಣಿ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ವರೆಗೂ ನಡೆಯಿತು. ಚೆನ್ನಾಗಿ ಓದದ ಹಳ್ಳಿ ಹುಡುಗನೂ ವಿಜ್ಞಾನದ ಕತೆಗೆ ನಾಯಕ ಆಗಬಹುದು ಅಂತ ನಮಗೆ ಅನಿಸಿದ್ದು ಆಗಲೇ.

ಆದ್ರೆ ಆ ರಾತ್ರಿ ಕೊನೇಲಿ ರೀಲು ಸಿಕ್ಕಿಕೊಂಡು ಟೇಪು ಹರಿದುಹೋಯ್ತು. ಸೂತ್ರ ಏನಾಯ್ತೋ ಗೊತ್ತಾಗಲಿಲ್ಲ. ಅಂಗಡಿಯವರು ಆ ತುಂಡನ್ನೇ ಕತ್ತರಿಸಿ ಅಂಟಿಸಿದ್ರು.

2006ರ ಏಪ್ರಿಲ್ 12ರಂದು ಅಣ್ಣಾವ್ರು ಹೋದರು. ಕಂಠೀರವ ಸ್ಟುಡಿಯೋದಲ್ಲಿ ಸ್ಮಾರಕ ಇದೆ, ಒಳ್ಳೇದೇ. ಆದ್ರೆ ನಟನ ಬದುಕು ಉಳಿಯೋದು ಕಲ್ಲಲ್ಲಲ್ಲ, ರೀಲಿನಲ್ಲಿ. ಅವರ ಹಳೇ ಚಿತ್ರಗಳ ನೆಗೆಟಿವ್‌ಗಳನ್ನು ಹುಡುಕಿ, ತೊಳೆದು, ಇಡಿಯಾಗಿ ಮನೆಮನೆಗೆ ತಲುಪಿಸೋ ಕೆಲಸವನ್ನು ಸರ್ಕಾರ ಮಾಡಲಿ. ಅಂಟಿಸಿದ ಟೇಪನ್ನೇ ನಮ್ಮ ಮಕ್ಕಳಿಗೂ ಕೊಡೋದು ಬೇಡ.