ಹಳದಿ ಹರಳಿನ ಹಿಂದೆ ಹೋದ ಮೇಷ್ಟ್ರು

ಸತುವಿಗೆ ನೈಟ್ರಿಕ್ ಆಮ್ಲ ಹಾಕಿದ್ರೆ ಝಿಂಕ್ ನೈಟ್ರೇಟ್ ಆಗುತ್ತೆ ಅಂತ ನಾವೆಲ್ಲ ಪಿಯುಸಿಯಲ್ಲೇ ಓದಿದ್ದೀವಿ. ಇದೇ ಆಮ್ಲಕ್ಕೆ ಪಾದರಸ ಹಾಕಿ ಹೆಸರಾದವರು ಪ್ರಫುಲ್ಲಚಂದ್ರ ರೇ. 1861ರಲ್ಲಿ ಈಗಿನ ಬಾಂಗ್ಲಾದೇಶದ ಖುಲ್ನಾ ಸೀಮೆಯಲ್ಲಿ ಹುಟ್ಟಿದರು. 1887ರಲ್ಲಿ ಎಡಿನ್‌ಬರೋದಲ್ಲಿ ಡಿ.ಎಸ್ಸಿ. ಪಡೆದು, ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಮೇಷ್ಟ್ರಾದರು.

ಒಮ್ಮೆ ನೀರು ಬೆರೆಸಿದ ತಣ್ಣನೆ ಆಮ್ಲದಲ್ಲಿ ಪಾದರಸ ಇಟ್ಟಾಗ ಹಳದಿ ಹರಳು ಕಂಡವು. ಬೇಕಿದ್ದದ್ದು ನೈಟ್ರೇಟ್, ಸಿಕ್ಕಿದ್ದು ನೈಟ್ರೈಟ್. ಎರಡಕ್ಕೂ ಒಂದೇ ಒಂದು ಆಕ್ಸಿಜನ್ ವ್ಯತ್ಯಾಸ! ಪ್ರಯೋಗ ಕೆಟ್ಟಿತು ಅಂತ ಚೆಲ್ಲಿಬಿಡದೆ ಪರೀಕ್ಷೆಗಿಳಿದರು. 1896ರಲ್ಲಿ ಮರ್ಕ್ಯುರಸ್ ನೈಟ್ರೈಟ್ ಬಗ್ಗೆ ಅವರ ಪ್ರಬಂಧ ಹೊರಬಂತು.

ರೇ ಲ್ಯಾಬಿಗಷ್ಟೇ ನಿಲ್ಲಲಿಲ್ಲ. ಓದಿದ ಹುಡುಗರು ಗುಮಾಸ್ತೆ ಕೆಲಸಕ್ಕೇ ಕಾಯೋದು ನೋಡಿ ಬೇಸತ್ತು, ಏಳುನೂರು ರೂಪಾಯಿ ಬಂಡವಾಳದಲ್ಲಿ ಔಷಧಿ, ರಾಸಾಯನಿಕ ತಯಾರಿಕೆ ಶುರು ಮಾಡಿದರು. 1901ರಲ್ಲಿ ಅದೇ ಬೆಂಗಾಲ್ ಕೆಮಿಕಲ್ ಕಂಪನಿಯಾಯ್ತು. ಅರವತ್ತರ ನಂತರದ ಸಂಬಳವನ್ನೆಲ್ಲ ವಿಶ್ವವಿದ್ಯಾಲಯಕ್ಕೇ ಬಿಟ್ಟುಕೊಟ್ಟರು. 1944ರಲ್ಲಿ, ಸೈನ್ಸ್ ಕಾಲೇಜಿನ ತಮ್ಮ ಕೋಣೆಯಲ್ಲೇ, ಶಿಷ್ಯರ ನಡುವೆ ತೀರಿಕೊಂಡರು.

ಪ್ಲೇಸ್‌ಮೆಂಟ್ ಪಟ್ಟಿಯಲ್ಲಿ ಹೆಸರು ಹುಡುಕೋ ಹೊತ್ತಲ್ಲಿ, ಓದಿದ ವಿದ್ಯೆಯಿಂದಲೇ ಹತ್ತಾರು ಜನರಿಗೆ ಕೆಲಸ ಹುಟ್ಟಿಸಿದ ಈ ಮೇಷ್ಟ್ರನ್ನೂ ನೆನೆಯೋಣ.