ಶಾಲಿಗ್ರಾಮದ ಶಾಸ್ತ್ರಜ್ಞ ಸ್ಟೊಲಿಚ್ಕಾ

ದೇವರ ಪೆಟ್ಟಿಗೆಯಲ್ಲಿ ಶಾಲಿಗ್ರಾಮವನ್ನಿರಿಸಿ ಪೂಜಿಸುವ ಮನೆಗಳು ನಮ್ಮ ಯಲಬುರ್ಗಾ ಸೀಮೆಯಲ್ಲಿ ಇಲ್ಲದಿಲ್ಲ. ಆ ಕರಿಯ ಶಿಲೆಯೊಳಗಿನ ಚಕ್ರವು ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದಲ್ಲಿ ಜೀವಿಸಿದ್ದ ಪ್ರಾಣಿಯೊಂದರ ಚಿಪ್ಪಿನ ಅಚ್ಚೆಂಬುದನ್ನು ಬಲ್ಲವರು ವಿರಳ. ಕರಾವಳಿಯವರ ಬೊಂಡಾಸ್, ಎಂಟು ತೋಳುಗಳ ಆಕ್ಟೋಪಸ್, ಗ್ರಂಥಿಗೆ ಅಂಗಡಿಯಲ್ಲಿ ಸಮುದ್ರಫೇನವೆಂದು ದೊರೆಯುವ ಬಿಳಿಯ ವಸ್ತುವನ್ನು ಬೆನ್ನೊಳಗೆ ಧರಿಸಿರುವ ಜಲಚರ, ಇವೆಲ್ಲವೂ ಅದರ ಜ್ಞಾತಿಗಳೇ. ಪಾದಗಳು ತಲೆಯಿಂದಲೇ ಹೊರಟಿರುವುದರಿಂದ ಈ ಕುಲಕ್ಕೆ ಶೀರ್ಷಪಾದಿಗಳೆಂದು ಹೆಸರು. ಭರತಖಂಡದ ಶಿಲೆಗಳಲ್ಲಿ ಹುದುಗಿದ ಈ ಕುಲದ ವಂಶಾವಳಿಯನ್ನು ಬರೆದವರಲ್ಲಿ ಅಗ್ರಗಣ್ಯನಾದವನು ಫರ್ಡಿನಾಂಡ್ ಸ್ಟೊಲಿಚ್ಕಾ.

ಈತನು ೧೮೩೮ರಲ್ಲಿ ಮೊರಾವಿಯಾ ಪ್ರಾಂತದಲ್ಲಿ ಒಬ್ಬ ಅರಣ್ಯಪಾಲಕನ ಮಗನಾಗಿ ಜನಿಸಿದನು. ವಿಯೆನ್ನಾ ನಗರದಲ್ಲಿ ಭೂಗರ್ಭಶಾಸ್ತ್ರವನ್ನು ಅಭ್ಯಸಿಸಿ, ೧೮೬೨ರಲ್ಲಿ ಥಾಮಸ್ ಓಲ್ಡ್‌ಹ್ಯಾಮನ ಕೈಕೆಳಗೆ ಭಾರತೀಯ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯನ್ನು ಸೇರಲು ಕಲಕತ್ತೆಗೆ ಬಂದನು. ತಿರುಚಿರಾಪಳ್ಳಿ, ಅರಿಯಲೂರು ಪ್ರದೇಶಗಳಿಂದ ಸಂಗ್ರಹಿಸಿ ತಂದಿದ್ದ ಶಿಲಾವಶೇಷಗಳ ರಾಶಿಯು ಅಲ್ಲಿ ಅವನಿಗಾಗಿ ಕಾದಿದ್ದಿತು. ಬ್ಲಾನ್‌ಫರ್ಡನು ಆರಂಭಿಸಿದ್ದ ಕೆಲಸವನ್ನು ಈತನು ಮುಂದುವರಿಸಿ, ಶೀರ್ಷಪಾದಿಗಳ ಸಂಪುಟವನ್ನು ೧೮೬೬ರೊಳಗೆ ಮುಗಿಸಿದನು. ಅಷ್ಟಕ್ಕೇ ನಿಲ್ಲದೆ ಶಂಖ, ಚಿಪ್ಪು, ಹವಳಗಳ ಕುಲಗಳನ್ನೂ ೧೮೭೩ರೊಳಗೆ ವರ್ಣಿಸಿದನು.

ಈ ಕಾರ್ಯದ ಸೂಕ್ಷ್ಮತೆಯನ್ನು ವಾಚಕರು ಗಮನಿಸಬೇಕು. ಸುರುಳಿ ಚಿಪ್ಪಿನೊಳಗೆ ಒಂದರ ಹಿಂದೊಂದು ಕೋಣೆಗಳಿರುವುವು. ಪ್ರಾಣಿಯು ಬೆಳೆದಂತೆ ಮುಂದಕ್ಕೆ ಸರಿದು, ಹಿಂದೆ ಒಂದು ಗೋಡೆಯನ್ನು ಕಟ್ಟಿ, ಕಡೆಯ ಕೋಣೆಯಲ್ಲಿ ಮಾತ್ರ ವಾಸಿಸುವುದು. ಬರಿದಾದ ಕೋಣೆಗಳು ವಾಯುವಿನಿಂದ ತುಂಬಿ ಅದನ್ನು ನೀರಿನಲ್ಲಿ ತೇಲಿಸುವುವು. ಗೋಡೆಯು ಚಿಪ್ಪಿಗೆ ಕೂಡುವಲ್ಲಿ ಎಲೆಯ ಅಂಚಿನಂತೆ ಅಂಕುಡೊಂಕಾದ ಗೆರೆಯೊಂದು ಮೂಡುವುದು. ಈ ಗೆರೆಯ ವಿನ್ಯಾಸವು ಜಾತಿಜಾತಿಗೂ ಬೇರೆ. ಅದನ್ನು ಓದಬಲ್ಲವನು ಜಾತಿಯನ್ನು ಹೇಳುವನು. ಜಾತಿಯನ್ನು ಹೇಳಬಲ್ಲವನು ಶಿಲೆಯ ವಯಸ್ಸನ್ನೂ ಹೇಳುವನು. ಉಟ್ಟತ್ತೂರು, ತಿರುಚಿರಾಪಳ್ಳಿ, ಅರಿಯಲೂರು ಎಂಬ ಮೂರು ಸ್ತರಗಳ ಪೌರ್ವಾಪರ್ಯಕ್ಕೆ ಇಂತಹ ಅವಶೇಷಗಳೇ ಸಾಕ್ಷಿ. ನಮ್ಮ ಭಾಗದ ಬೆಟ್ಟಗುಡ್ಡಗಳಲ್ಲಿ ಇವನ್ನು ಹುಡುಕುವುದು ವ್ಯರ್ಥ. ಇಲ್ಲಿಯ ಬೆಣಚು-ಗ್ರಾನೈಟುಗಳು ಸುಮಾರು ೨೫೦ ಕೋಟಿ ವರ್ಷಗಳಷ್ಟು ಹಳೆಯವು. ಚಿಪ್ಪುಳ್ಳ ಪ್ರಾಣಿಯಾವುದೂ ಆಗ ಹುಟ್ಟಿರಲಿಲ್ಲ. ಸುರುಳಿ ಚಿಪ್ಪಿನ ಆ ಶಾಖೆಯಾದರೋ ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ನಿರ್ವಂಶವಾಯಿತು.

೧೮೬೪ ಮತ್ತು ೧೮೬೫ರಲ್ಲಿ ಸ್ಟೊಲಿಚ್ಕಾ ಹಿಮಾಲಯದ ಸ್ಪಿತಿ ಕಣಿವೆಯನ್ನು ಶೋಧಿಸಿದನು. ಅಲ್ಲಿಯ ಕರಿಯ ಜೇಡಿಶಿಲೆಗಳಲ್ಲಿ ಶಾಲಿಗ್ರಾಮದ ಚಕ್ರಗಳೇ ಹೇರಳ. ಸಮುದ್ರತಳವೇ ಮೇಲೆದ್ದು ಹಿಮಶಿಖರವಾಯಿತೆಂಬುದಕ್ಕೆ ಇದಕ್ಕಿಂತ ಪ್ರತ್ಯಕ್ಷ ಪ್ರಮಾಣ ಬೇಕೇ? ಬಳಿಕ ಕಚ್ಛ, ಬರ್ಮಾ, ಮಲಯ, ಅಂಡಮಾನ್‌ಗಳಲ್ಲಿಯೂ ಸಂಚರಿಸಿದನು. ಇದರ ನಡುವೆ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಕಾರ್ಯದರ್ಶಿತ್ವವನ್ನೂ ವಹಿಸಿದ್ದನು. ಕಚೇರಿಯ ಕಾಗದಪತ್ರಗಳಿಂದ ಬಿಡುವಿಲ್ಲವೆಂದು ಹೇಳುವ ನಮ್ಮ ಅಧಿಕಾರಿಗಳಿಗೆ ಇದು ಸ್ವಲ್ಪ ಇರಸುಮುರಸನ್ನುಂಟುಮಾಡಬಹುದು!

೧೮೭೩ರಲ್ಲಿ ಫಾರ್ಸಿತನ ನೇತೃತ್ವದಲ್ಲಿ ಯಾರ್ಕಂದಕ್ಕೆ ಹೊರಟ ನಿಯೋಗದೊಡನೆ ಪ್ರಕೃತಿಶಾಸ್ತ್ರಜ್ಞನಾಗಿ ತೆರಳಿದನು. ಹೋಗುವಾಗಲೇ ಎತ್ತರದ ಹಾದಿಯಲ್ಲಿ ದೇಹಸ್ಥಿತಿ ಕೆಟ್ಟಿದ್ದಿತು. ಆದರೂ ಹಿಂದಿರುಗಲಿಲ್ಲ; ಕಾಷ್ಗರವನ್ನು ಕಂಡು, ಪಾಮೀರ್ ಪ್ರಸ್ಥಭೂಮಿಯನ್ನೂ ಸುತ್ತಿ, ಪಕ್ಷಿ, ಪ್ರಾಣಿ, ಶಿಲೆಗಳನ್ನು ಸಂಗ್ರಹಿಸುತ್ತಲೇ ಇದ್ದನು. ಮರಳುವಾಗ ಸುಮಾರು ೧೮,೦೦೦ ಅಡಿ ಎತ್ತರದ ಕಾರಾಕೋರಂ ಕಣಿವೆಯನ್ನು ದಾಟಿದ ಮೇಲೆ ತೀವ್ರವಾದ ತಲೆನೋವು, ಶ್ವಾಸಕಷ್ಟಗಳು ಬಾಧಿಸಿದವು. ೧೮೭೪ರ ಜೂನ್ ೧೯ರಂದು ಮುರ್ಗೋ ಎಂಬ ನಿರ್ಜನ ಬಿಡಾರದಲ್ಲಿ ಪ್ರಾಣ ಹೋಯಿತು. ವಯಸ್ಸು ಕೇವಲ ಮೂವತ್ತಾರು. ಅತ್ಯುನ್ನತ ಪ್ರದೇಶಗಳಲ್ಲಿ ಪ್ರಾಣವಾಯುವಿನ ಕೊರತೆಯಿಂದ ತಗಲುವ ರೋಗವೇ ಕಾರಣವಿರಬೇಕೆಂದು ಇತ್ತೀಚಿನ ವೈದ್ಯರು ಊಹಿಸುವರು.

ಜೊತೆಗಾರರು ಶವವನ್ನು ಲೇಹಕ್ಕೆ ತಂದು ಸಮಾಧಿ ಮಾಡಿದರು. ಆತನ ಟಿಪ್ಪಣಿಗಳನ್ನೂ ಸಂಗ್ರಹಗಳನ್ನೂ ಇತರ ವಿದ್ವಾಂಸರು ಪರಿಶೀಲಿಸಿ, ೧೮೭೮ರಿಂದ ಮೊದಲುಗೊಂಡು ಸಂಪುಟಗಳಾಗಿ ಪ್ರಕಟಿಸಿದರು. ಸಮಾಧಿಯ ಮೇಲೆ ಸರಕಾರವು ೧೮೭೬ರಲ್ಲಿ ಒಂದು ಸ್ಮಾರಕವನ್ನು ನಿಲ್ಲಿಸಿತು.