ಕಜಕ್ ಜನರ ಮೂಲವನ್ನು ಕಾಶ್ಮೀರದಲ್ಲಿ ಬರೆದಿಟ್ಟ ಮಿರ್ಜಾ ಹೈದರ್

ಮಧ್ಯ ಏಷ್ಯಾದ ಕಜಕಸ್ತಾನವು 2015ರಲ್ಲಿ ಕಜಕ್ ಖಾನರ ರಾಜ್ಯ ಸ್ಥಾಪನೆಯ 550ನೆಯ ವರ್ಷವನ್ನು ಸಂಭ್ರಮದಿಂದ ಆಚರಿಸಿತು. ಆ ಕಾಲಗಣನೆಗೆ ಆಧಾರವಾದ ಗ್ರಂಥವು ಕಾಶ್ಮೀರದಲ್ಲಿ ರಚಿತವಾಯಿತೆಂಬ ಸಂಗತಿ ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. ಅದರ ಕರ್ತೃ ಮಿರ್ಜಾ ಮುಹಮ್ಮದ್ ಹೈದರ್ ದುಘ್ಲಾತ್.

ಹೈದರ್ ಸುಮಾರು 1499ರಲ್ಲಿ ತಾಷ್ಕೆಂಟಿನಲ್ಲಿ ಜನಿಸಿದನು. ಅವನ ತಾಯಿಯೂ ಮೊಗಲ್ ದೊರೆ ಬಾಬರನ ತಾಯಿಯೂ ಒಡಹುಟ್ಟಿದವರು. 1508ರಲ್ಲಿ ಉಜ್ಬೆಕ್ ದೊರೆ ಶೈಬಾನಿ ಖಾನನು ಹೈದರನ ತಂದೆಯನ್ನು ಕೊಲ್ಲಿಸಿದನು. ಆ ತಂದೆ ಹಿಂದೊಮ್ಮೆ ಕಾಬೂಲಿನಲ್ಲಿ ಬಾಬರನ ವಿರುದ್ಧ ದಂಗೆಗೆ ಸೇರಿದ್ದವನು. ಆದರೂ ಬಾಬರನು ಅನಾಥ ಬಾಲಕನಿಗೆ ಆಶ್ರಯವಿತ್ತು ಪ್ರೀತಿಯಿಂದ ಸಲಹಿದನು.

ಮುಂದೆ ಹೈದರ್ ಕಾಷ್ಗರವನ್ನು ಗೆದ್ದ ಸೈಯದ್ ಖಾನನ ಸೇವೆಯಲ್ಲಿ ಸುಮಾರು ಎರಡು ದಶಕ ಕಳೆದನು. 1533ರಲ್ಲಿ ಲಡಾಖಿನ ದಂಡಯಾತ್ರೆಯಿಂದ ಹಿಂದಿರುಗುವಾಗ ಖಾನನು ದಾರಿಯಲ್ಲೇ ತೀರಿಕೊಂಡನು. ಪಟ್ಟವೇರಿದ ಅವನ ಮಗ ಅಬ್ದುಲ್ ರಶೀದನು ಹೈದರನ ಚಿಕ್ಕಪ್ಪನನ್ನೂ ಬಂಧುಗಳನ್ನೂ ಕೊಲ್ಲಿಸಿದನು. ಹೈದರನಿಗೆ ತಾಯ್ನಾಡಿನ ಬಾಗಿಲು ಮುಚ್ಚಿತು. ಬದಖ್ಶಾನ್, ಲಾಹೋರ್, ಆಗ್ರಾಗಳನ್ನು ದಾಟಿ ಹುಮಾಯೂನನ ಬಳಿ ಸೇರಿದನು. 1540ರಲ್ಲಿ ಕನೌಜಿನ ಸೋಲಿನ ತರುವಾಯ ಕಾಶ್ಮೀರವನ್ನು ವಶಪಡಿಸಿಕೊಂಡು ಅಲ್ಲಿ ಆಳತೊಡಗಿದನು.

ಅಲ್ಲಿಯೇ ಅವನು ಪಾರಸಿಯಲ್ಲಿ 'ತಾರೀಖ್-ಇ-ರಶೀದಿ'ಯನ್ನು ಬರೆದು 1546ರಲ್ಲಿ ಮುಗಿಸಿದನು. ಉಜ್ಬೆಕ್ ದೊರೆ ಅಬುಲ್ ಖೈರನ ಆಳ್ವಿಕೆಗೆ ಬೇಸತ್ತ ಕೆರೆಯ್ ಮತ್ತು ಜಾನಿಬೆಕ್ ಎಂಬ ಸುಲ್ತಾನರು ತಮ್ಮ ಜನರೊಡನೆ ಹೊರಟುಬಂದುದನ್ನೂ, ಮೊಗುಲಿಸ್ತಾನದ ಎಸೆನ್ ಬುಕಾ ಖಾನನು ಅವರಿಗೆ ಚೂ ನದಿಯ ಸೀಮೆಯಲ್ಲಿ ನೆಲೆ ಕೊಟ್ಟುದನ್ನೂ ಅದು ದಾಖಲಿಸುತ್ತದೆ. ಒಡೆಯನನ್ನು ತೊರೆದು ಅಲೆದ ಕಾರಣ ಆ ಗುಂಪಿಗೆ ಕಜಕ್ ಎಂಬ ಹೆಸರು ನಿಂತಿತು. ಕಜಕ್ ಸುಲ್ತಾನರ ಆಳ್ವಿಕೆ ಹಿಜರಿ 870ರಲ್ಲಿ, ಅಂದರೆ 1465-66ರಲ್ಲಿ, ಆರಂಭವಾಯಿತೆಂದು ಹೈದರ್ ಗುರುತಿಸಿದ್ದಾನೆ. ಅಲೆಮಾರಿ ಬುಡಕಟ್ಟುಗಳ ನೆನಪಿನಲ್ಲಷ್ಟೇ ಉಳಿದಿದ್ದ ಸಂಗತಿಗಳು ಹೀಗೆ ಲಿಖಿತ ರೂಪ ಪಡೆದವು.

ಗ್ರಂಥಕ್ಕೆ ಹೈದರ್ ಇಟ್ಟ ಹೆಸರು ತನ್ನ ಬಂಧುಗಳನ್ನು ಕೊಲ್ಲಿಸಿದ ಅದೇ ರಶೀದನದು. ತಾನು ಕಂಡ ಅನ್ಯಾಯವನ್ನು ಅವನು ಮರೆಮಾಚಲಿಲ್ಲ. ಆದರೆ ಹಗೆಗಾಗಿ ತನ್ನ ನಾಡಿನ ಕಥೆಯನ್ನು ಬರೆಯದೆ ಬಿಡಲೂ ಇಲ್ಲ.

ಆಳುವವನಾಗಿ ಅವನು ನಿರ್ದೋಷಿಯೇನಲ್ಲ. ಕಾಶ್ಮೀರದ ಷಿಯಾ ಮತ್ತು ನೂರ್‌ಬಕ್ಷಿ ಪಂಥದವರನ್ನು ಕಠೋರವಾಗಿ ದಮನಿಸಿದನು. 1551ರ ಸುಮಾರಿಗೆ ಸ್ಥಳೀಯರ ಬಂಡಾಯದಲ್ಲಿ ಹತನಾದನು. ಶ್ರೀನಗರದ ಸುಲ್ತಾನರ ಸಮಾಧಿ ಸ್ಥಳದಲ್ಲಿ ಅವನ ಗೋರಿಯಿದೆ. ಕಜಕಸ್ತಾನದ ತರಾಜ್ ನಗರದ ವಿಶ್ವವಿದ್ಯಾಲಯವು ಅವನ ಹೆಸರನ್ನು ಹೊತ್ತಿದೆ.

ಗೆದ್ದ ರಾಜ್ಯ ಅವನೊಡನೆಯೇ ಹೋಯಿತು, ಬರೆದ ಪುಸ್ತಕ ಉಳಿಯಿತು. ಹೊರನಾಡಿನಲ್ಲಿ ನೆಲೆನಿಂತು ನಮ್ಮ ಹಿರಿಯರ ನೆನಪುಗಳನ್ನು ಮಕ್ಕಳಿಗೆ ದಾಟಿಸಲು ಹೆಣಗುವ ನಮಗೆ ಈ ಬಾಳು ಒಂದು ಮಾತನ್ನು ತಿಳಿಸುತ್ತದೆ: ಬರೆದಿಟ್ಟದ್ದು ಮಾತ್ರ ಮುಂದಿನವರಿಗೆ ದಕ್ಕುತ್ತದೆ.